ನಮ್ಮ ಪೇಟೆಯ ಆನ್‌ಲೈನ್ ಸೆಂಟರ್: ಕೆಲಸಕ್ಕೆ ನಾಲ್ಕು ಸ್ಟಾರ್, ಕಾಗದ ಕಾಯುವುದಕ್ಕೆ ಎರಡು

ಅಂಗಡಿಯ ಹೆಸರು ಬರೆಯುವುದಿಲ್ಲ. ದಕ್ಷಿಣ ಕೊಡಗಿನ ಒಂದು ಸಣ್ಣ ಪೇಟೆ, ಬಸ್ ನಿಲ್ಲುವ ಜಾಗದಿಂದ ನಾಲ್ಕು ಹೆಜ್ಜೆ, ಪಕ್ಕದಲ್ಲಿ ಕ್ಯಾಂಟೀನು, ಎದುರಿಗೆ ಕಾಫಿ, ಕರಿಮೆಣಸು ಕೊಳ್ಳುವವರ ಅಂಗಡಿ. ಇಷ್ಟು ಹೇಳಿದರೆ ಕೊಡಗಿನ ಹತ್ತು ಪೇಟೆಗೆ ಹೊಂದುತ್ತದೆ. ಹೊಂದಲಿ ಅಂತಲೇ ಹೀಗೆ ಹೇಳಿದ್ದು. ನಾನು ಬರೆಯುತ್ತಿರುವ ತೊಂದರೆ ಇವರೊಬ್ಬರದ್ದೇ ಅಲ್ಲ. ಅಂಗಡಿ ನಡೆಸುವ ಹುಡುಗ ಒಳ್ಳೆಯವನು, ಅವನ ಹೆಂಡತಿ ಅವನಿಗಿಂತ ಚುರುಕು. ಇಬ್ಬರಿಗೂ ಈ ಬರಹ ಓದಿಸಿದ್ದೇನೆ. ಅವನು ಸ್ವಲ್ಪ ಮುಖ ಊದಿಸಿಕೊಂಡ, ಅವಳು ನಕ್ಕಳು.

ಎರಡು ಕಂಪ್ಯೂಟರ್, ಒಂದು ದೊಡ್ಡ ಜೆರಾಕ್ಸ್ ಮಷಿನ್, ಲ್ಯಾಮಿನೇಶನ್, ಪಾಸ್‌ಪೋರ್ಟ್ ಫೋಟೊ ತೆಗೆಯಲು ನೀಲಿ ಪರದೆ, ಬೆರಳು ಒತ್ತುವ ಸಣ್ಣ ಡಬ್ಬಿ. ಆರ್‌ಟಿಸಿ (ಪಹಣಿ) ತೆಗೆಯುವುದು, ಜಾತಿ ಆದಾಯ ಪತ್ರದ ಅರ್ಜಿ, ರೇಷನ್ ಕಾರ್ಡ್ ತಿದ್ದುಪಡಿ, ಪಿಂಚಣಿ, ಮಕ್ಕಳ ಸಿಇಟಿ ಅರ್ಜಿ, ಬೆಂಗಳೂರಿಗೆ ಬಸ್ ಟಿಕೆಟ್, ಎಲ್ಲವೂ ಇಲ್ಲೇ. ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಕರೆಂಟ್ ಹೋದರೆ ಎರಡು ದಿನ, ಕೆಲವು ಸಲ ನಾಲ್ಕು ದಿನ. ಟವರಿನ ಡೀಸೆಲ್ ಮುಗಿದರೆ ಫೋನೂ ಸತ್ತ ಹಾಗೆ. ಒಟಿಪಿ ಬರಬೇಕಾದರೆ ತೋಟದ ಮೇಲಿನ ಗೇಟಿನವರೆಗೆ ಕೊಡೆ ಹಿಡಿದು ಹತ್ತಬೇಕು. ಇವರ ಹತ್ತಿರ ಇನ್ವರ್ಟರ್ ಇದೆ, ಎರಡು ಕಂಪನಿಯ ಇಂಟರ್ನೆಟ್ ಇದೆ. ಹಾಗಾಗಿ ನಮ್ಮಂಥವರಿಗೆ ಡಿಜಿಟಲ್ ಇಂಡಿಯಾ ಅಂದರೆ ಈ ಕೌಂಟರೇ. ವೆಬ್‌ಸೈಟು, ಆ್ಯಪು, ಪೋರ್ಟಲ್ ಎಲ್ಲ ಇವರ ಪರದೆಯ ಮೇಲೆ ಇರುವಂಥದ್ದು, ನಾವು ಈ ಕಡೆಯಿಂದ ಕುತ್ತಿಗೆ ಉದ್ದ ಮಾಡಿ ನೋಡುವವರು.

ಕೆಲಸದ ವಿಷಯದಲ್ಲಿ ದೂರಿಲ್ಲ. ಬೇಗ ಆಗುತ್ತದೆ. ಸರ್ವರ್ ಡೌನ್ ಅಂದರೆ ನಿಜವಾಗಿಯೂ ಡೌನ್ ಇರುತ್ತದೆ, ಸುಮ್ನೆ ಓಡಿಸುವುದಿಲ್ಲ. ಅರ್ಜಿಯಲ್ಲಿ ತಪ್ಪಾದರೆ ಮತ್ತೆ ದುಡ್ಡು ಕೇಳದೆ ಸರಿಮಾಡಿ ಕೊಡುತ್ತಾರೆ. ದರದ ಬೋರ್ಡ್ ಇಲ್ಲ, ಅದೊಂದು ಕಿರಿಕಿರಿ. ಒಂದೇ ಕೆಲಸಕ್ಕೆ ಒಂದು ದಿನ ಐವತ್ತು, ಇನ್ನೊಂದು ದಿನ ಎಪ್ಪತ್ತು. ಅದನ್ನು ಬಿಡಿ, ಅದಕ್ಕಾಗಿ ಇಷ್ಟುದ್ದ ಬರೆಯುತ್ತಿರಲಿಲ್ಲ.

ಆರ್‌ಟಿಸಿಗೆ ಆಧಾರ್ ಜೋಡಿಸಬೇಕು ಅಂತ 2024ರಲ್ಲಿ ಸರ್ಕಾರ ಶುರು ಮಾಡಿತಲ್ಲ, ಆಗಿನ ಕಥೆ. ನಮ್ಮ ಕಡೆಯ ಎಷ್ಟೋ ಆರ್‌ಟಿಸಿಗಳಂತೆ ನಮ್ಮದರಲ್ಲೂ ಒಬ್ಬರ ಹೆಸರಲ್ಲ ಇರುವುದು. ಅಣ್ಣ ತಮ್ಮಂದಿರು, ಅವರ ಮಕ್ಕಳು, ಬೆಂಗಳೂರಿನಲ್ಲಿರುವವರು, ಹೊರದೇಶಕ್ಕೆ ಹೋದವರು, ತೀರಿಕೊಂಡು ಖಾತೆ ಬದಲಾಗದೆ ಉಳಿದವರು, ಎಲ್ಲರೂ ಒಂದೇ ಹಾಳೆಯಲ್ಲಿ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ‘ಎಲ್ಲರೂ ಆಧಾರ್ ಕಳಿಸಿ’ ಅಂತ ನಾನೇ ಹಾಕಿದೆ. ಒಂಬತ್ತು ಜನ ಎರಡೂ ಬದಿಯ ಫೋಟೊ ತೆಗೆದು ಹಾಕಿದರು. ಆ ಒಂಬತ್ತನ್ನೂ ಅಂಗಡಿಯ ಗಾಜಿನ ಮೇಲೆ ಅಂಟಿಸಿದ ನಂಬರಿಗೆ ನಾನು ಫಾರ್ವರ್ಡ್ ಮಾಡಿದೆ. ‘ಇದನ್ನು ಇಂಥ ಅಂಗಡಿಗೆ ಕಳಿಸುತ್ತಿದ್ದೇನೆ’ ಅಂತ ಒಬ್ಬರಿಗೂ ಹೇಳಲಿಲ್ಲ. ಹೇಳಬೇಕು ಅನ್ನುವ ಯೋಚನೆಯೂ ಬರಲಿಲ್ಲ. ಮುಂದೆ ಅಂಗಡಿಯವನನ್ನು ಬೈಯುವಾಗ ಇದನ್ನು ನೆನಪಿಟ್ಟುಕೊಂಡೇ ಬೈದಿದ್ದೇನೆ.

ಕಳೆದ ಜುಲೈ. ಅತ್ತೆಯ ಪಿಂಚಣಿ ಎರಡು ತಿಂಗಳಿಂದ ಬಂದಿರಲಿಲ್ಲ ಅಂತ ಅವರನ್ನು ಕರೆದುಕೊಂಡು ಹೋದೆ. ಒಳಗೆ ನೂಕುನುಗ್ಗಲು, ನಾನು ಕಂಪ್ಯೂಟರಿನ ಈ ಬದಿಗೆ ಒತ್ತಿಕೊಂಡು ನಿಂತೆ. ಪರದೆ ಪೂರ್ತಿ ಕಾಣುತ್ತಿತ್ತು. ಅತ್ತೆಯ ಹಳೆಯ ಕಾಗದ ಹುಡುಕುತ್ತಾ ಅವನು ಡೌನ್‌ಲೋಡ್ಸ್ ಫೋಲ್ಡರ್ ಸರಸರ ಇಳಿಸಿದ. ಅಬ್ಬಾ, ಇಡೀ ನಾಡು ಅದರಲ್ಲಿತ್ತು. ನಮ್ಮ ಪಕ್ಕದ ತೋಟದವರ ಪಾನ್ ಕಾರ್ಡ್, ಪಂಚಾಯಿತಿ ಸದಸ್ಯರೊಬ್ಬರ ಪಾಸ್‌ಬುಕ್ಕಿನ ಮೊದಲ ಪುಟ, ತೋಟದ ಕೆಲಸಗಾರರ ಲೈನ್ ಮನೆಯ ಅಸ್ಸಾಂ ಹುಡುಗರ ಆಧಾರ್ (ತೋಟದ ಮಾಲೀಕರು ಒಟ್ಟಿಗೆ ಕಳಿಸಿದ್ದು), ಹೋಂಸ್ಟೇಗೆ ಬಂದ ಯಾರೋ ಗಂಡ ಹೆಂಡತಿಯ ಲೈಸೆನ್ಸು, ನನ್ನ ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಮಗಳು ಈಗ ಡಿಗ್ರಿ ಕೊನೆಯ ವರ್ಷ. ಅಂದರೆ ಆ ಕಾಗದ ಅಲ್ಲಿ ಐದು ವರ್ಷದಿಂದ ಕೂತಿದೆ.

ಒಂದು ಸಣ್ಣ ವಿಷಯ ಗಮನಿಸಿದೆ. ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇರುತ್ತದಲ್ಲ, ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಆಮೇಲೆ ಹುಟ್ಟಿದ ವರ್ಷ. ಇವನು ಸುಲಭಕ್ಕೆ ಅಂತ ಫೈಲಿನ ಹೆಸರೇ ಹಾಗೆ ಇಟ್ಟಿದ್ದಾನೆ. ಬೀಗದ ಪಕ್ಕದಲ್ಲೇ ಕೀ ನೇತು ಹಾಕಿದ ಹಾಗೆ.

ಇನ್ನೊಂದು ಲಾಂಗ್ ನೋಟ್‌ಬುಕ್ ಇದೆ. ರಟ್ಟಿಗೆ ಗಣಪತಿಯ ಚಿತ್ರ ಅಂಟಿಸಿದ್ದಾರೆ. ಅದರಲ್ಲಿ ಹೆಸರು, ಮೊಬೈಲ್ ನಂಬರ್, ಇಮೇಲ್, ಪಾಸ್‌ವರ್ಡ್. ನಮ್ಮಲ್ಲಿ ಮುಕ್ಕಾಲು ಪಾಲು ಜನರ ಇಮೇಲ್ ಮಾಡಿಕೊಟ್ಟವರು ಇವರೇ. ಪಾಸ್‌ವರ್ಡ್ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ, ಅಂಗಡಿಯ ಹೆಸರು, ಬಾಲಕ್ಕೆ ಒಂದು ಎರಡು ಮೂರು. ನಾನು ಕೇಳಿದೆ, “ಅತ್ತೆಯ ಇಮೇಲಿಗೂ ಇದೇನಾ?” “ಹೌದು ಅಕ್ಕ, ಅಜ್ಜಿಗೆ ನೆನಪಿರಲ್ಲ ಅಲ್ವಾ” ಅಂದ. ಅಜ್ಜಿಗೆ ತನಗೆ ಇಮೇಲ್ ಇದೆ ಅನ್ನುವುದೇ ಅವತ್ತು ಗೊತ್ತಾಗಿದ್ದು.

ಆಮೇಲೆ ಬೆರಳು. ಅತ್ತೆ ಐವತ್ತು ವರ್ಷ ಕಾಫಿ ಕೊಯ್ದವರು, ಮೆಣಸು ಬಿಡಿಸಿದವರು. ಬೆರಳಿನ ಗೆರೆ ಸವೆದು ಹೋಗಿದೆ. ಡಬ್ಬಿ ಒಪ್ಪುವುದಿಲ್ಲ. ಹೆಬ್ಬೆರಳು, ತೋರುಬೆರಳು, ಒರೆಸಿ ಮತ್ತೆ ಹೆಬ್ಬೆರಳು, ಆ ಕೈ, ಈ ಕೈ. ಐದಾರು ಸಲ ಒತ್ತಿಸಿದ. ನನಗೆ ಆಗ ಹೊಳೆದಿದ್ದು, ಯಾವ ಸಲದ ಒತ್ತು ಯಾವುದಕ್ಕೆ ಅಂತ ನಮಗೆ ಗೊತ್ತಾಗುವುದೇ ಇಲ್ಲ. ಒಂದೇ ಬೆರಳಿನಲ್ಲಿ ಗುರುತೂ ದೃಢವಾಗುತ್ತದೆ, ಬ್ಯಾಂಕಿನಿಂದ ದುಡ್ಡೂ ಬರುತ್ತದೆ. ಎಇಪಿಎಸ್ ಅನ್ನುತ್ತಾರೆ ಅದಕ್ಕೆ. ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳು, ಇಷ್ಟಿದ್ದರೆ ಸಾಕು. ಎಟಿಎಂ ಕಾರ್ಡ್ ಬೇಡ, ಪಿನ್ ಬೇಡ. ಬ್ಯಾಂಕಿಗೆ ಹೋಗಲು ಒಂದು ದಿನದ ಕೂಲಿ ಕಳೆದುಕೊಳ್ಳುವವರಿಗೆ ಇದು ದೊಡ್ಡ ಉಪಕಾರ, ಸುಳ್ಳು ಹೇಳಬಾರದು. ಆದರೆ 2023ರಲ್ಲಿ ಮಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿದವರ ಖಾತೆಯಿಂದ ಹೀಗೇ ದುಡ್ಡು ಹೋಯಿತಲ್ಲ, ಪತ್ರದಲ್ಲಿದ್ದ ಬೆರಳಚ್ಚು ಕದ್ದು, ಅದು ನೆನಪಾಗಿ ಹೊಟ್ಟೆಯಲ್ಲಿ ಒಂಥರಾ ಆಯಿತು. ಇಲ್ಲಿ ಹಾಗೇನೂ ಆಗಿಲ್ಲ. ಅತ್ತೆಯ ಪಾಸ್‌ಬುಕ್ ತಾಳೆ ನೋಡಿದೆ, ಪೈಸೆ ಪೈಸೆ ಸರಿ ಇದೆ.

ಆದರೆ ಬೇರೆ ಆಯಿತು. ಸೆಪ್ಟೆಂಬರಿನಲ್ಲಿ ಒಂದು ಸಂಜೆ ಅಂಗಡಿಯ ನಂಬರಿನಿಂದ ವಾಟ್ಸಾಪಿಗೆ ಒಂದು ಫೈಲ್ ಬಂತು, ‘ಆರ್‌ಟಿಒ ಚಲನ್’ ಅಂತ. ಎಪಿಕೆ ಫೈಲ್, ಅಂದರೆ ಒತ್ತಿದರೆ ಫೋನಿಗೆ ಆ್ಯಪ್ ಹಾಕುವಂಥದ್ದು. ನನಗೆ ಬಂತು, ನಮ್ಮ ಮೈದುನನಿಗೂ ಬಂತು, ಊರಿನ ಅರ್ಧ ಜನಕ್ಕೆ ಬಂತು. ಬೇರೆ ಯಾರೋ ಕಳಿಸಿದ್ದರೆ ಮೈದುನ ಮುಟ್ಟುತ್ತಿರಲಿಲ್ಲ. ಇದು ಅಂಗಡಿಯಿಂದ ಬಂದದ್ದು, ಹಿಂದಿನ ವಾರವಷ್ಟೇ ಜೀಪಿನ ಇನ್ಶೂರೆನ್ಸ್ ಅಲ್ಲೇ ಕಟ್ಟಿದ್ದ. ಒತ್ತಿದ. ಇನ್‌ಸ್ಟಾಲ್ ಅಂದಿತು, ಒತ್ತಿದ. ಎಸ್ಸೆಮ್ಮೆಸ್ ಓದಲು ಅನುಮತಿ ಕೇಳಿತು, ಅದನ್ನೂ ಕೊಟ್ಟ. ರಾತ್ರಿ ಒಂಬತ್ತೂವರೆಗೆ ಎರಡು ಸಲ ಹಣ ಹೋಯಿತು, ಒಟ್ಟು 18,000 ರೂಪಾಯಿ. ಅಂಗಡಿಯ ಹುಡುಗ ಅದೇ ಫೈಲನ್ನು ಮಧ್ಯಾಹ್ನ ಯಾರೋ ಗಿರಾಕಿ ಕಳಿಸಿದ ಕಾಗದ ಅಂದುಕೊಂಡು ತೆರೆದಿದ್ದನಂತೆ. ದಿನಕ್ಕೆ ಇನ್ನೂರು ಫೈಲ್ ಬರುವ ಫೋನಿನಲ್ಲಿ ಯಾರು ತಾನೆ ಒಂದೊಂದನ್ನೂ ನೋಡುತ್ತಾರೆ?

ಆ ರಾತ್ರಿ ನಾವು ಮಾಡಿದ್ದರಲ್ಲಿ ಒಂದೇ ಒಂದು ಸರಿಯಾದ ಕೆಲಸ ಅಂದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದು. ಮನೆಯಿಂದ ನೆಟ್‌ವರ್ಕ್ ಸಿಗಲಿಲ್ಲ. ಮೈದುನನ ಫೋನನ್ನು ಫ್ಲೈಟ್ ಮೋಡಿಗೆ ಹಾಕಿ, ನನ್ನ ಫೋನ್ ಹಿಡಿದುಕೊಂಡು ಜೀಪಿನಲ್ಲಿ ಗೇಟಿನವರೆಗೆ ಹೋಗಿ, ಜಿಗಣೆ ಹತ್ತಿಸಿಕೊಂಡು ನಿಂತು ಮಾತಾಡಿದೆವು. ಎರಡು ಸಲ ಕಾಲ್ ಕಡಿದು ಹೋಯಿತು, ತಪ್ಪು ನಮ್ಮ ಟವರಿನದು. ಮೂರನೇ ಸಲಕ್ಕೆ ಸಿಕ್ಕವರು ಕೇಳಿದ್ದು ನೇರವಾದ ಪ್ರಶ್ನೆಗಳು. ಯಾವ ಬ್ಯಾಂಕ್, ಎಷ್ಟು ಹಣ, ಎಷ್ಟು ಗಂಟೆಗೆ, ಟ್ರಾನ್ಸಾಕ್ಷನ್ ನಂಬರ್ ಎಷ್ಟು. ಆ ನಂಬರ್ ಕೈಯಲ್ಲಿ ಇದ್ದರೆ ಐದು ನಿಮಿಷದ ಕೆಲಸ. ಇಲ್ಲದಿದ್ದರೆ ಮತ್ತೆ ಮನೆಗೆ ಬಂದು ಹುಡುಕಬೇಕು, ನಮ್ಮ ಹಾಗೆ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟುವ ಮೊದಲೇ ತಡೆಯುವುದು ಅವರ ಕೆಲಸ, ಹಾಗಾಗಿ ಬೆಳಗ್ಗೆ ನೋಡೋಣ ಅಂತ ಮಲಗಿದರೆ ಮುಗಿಯಿತು. 11,000 ರೂಪಾಯಿ ತಡೆಹಿಡಿದಿದ್ದಾರೆ ಅಂತ ಆಮೇಲೆ ಬ್ಯಾಂಕಿನಲ್ಲಿ ಹೇಳಿದರು. ಕೈಗೆ ಇನ್ನೂ ಬಂದಿಲ್ಲ. ಮಾರನೆಯ ದಿನ ಸೈಬರ್‌ಕ್ರೈಮ್ ಪೋರ್ಟಲಿನಲ್ಲಿ ದೂರು ಪೂರ್ತಿ ಮಾಡಿ, ಮಡಿಕೇರಿಯ ಸಿಇಎನ್ ಠಾಣೆಗೂ ಹೋಗಿ ಬಂದೆವು. ಸೈಬರ್, ಆರ್ಥಿಕ, ಮಾದಕವಸ್ತು, ಈ ಮೂರಕ್ಕೂ ಜಿಲ್ಲೆಗೆ ಅದೇ ಠಾಣೆ.

ಬ್ಯಾಂಕಿಗೆ ಅದೇ ರಾತ್ರಿ ಹೇಳಿದ್ದೂ ಒಳ್ಳೆಯದಾಯಿತು. 2017ರ ಜುಲೈಯ ಆರ್‌ಬಿಐ ಸುತ್ತೋಲೆಯ ಪ್ರಕಾರ, ನಮ್ಮ ತಪ್ಪೂ ಇಲ್ಲದೆ ಬ್ಯಾಂಕಿನ ತಪ್ಪೂ ಇಲ್ಲದೆ ಹಣ ಹೋಗಿ, ನಾವು ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಮ್ಮದಲ್ಲ. ನಮ್ಮದೇ ಅಜಾಗ್ರತೆ ಇದ್ದರೆ ತಿಳಿಸುವವರೆಗಿನ ನಷ್ಟ ನಮ್ಮ ತಲೆಗೆ, ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನ ತಲೆಗೆ. ಮೈದುನ ತಾನೇ ಅನುಮತಿ ಒತ್ತಿದ್ದು ಯಾವ ಲೆಕ್ಕಕ್ಕೆ ಬರುತ್ತದೆ ಅನ್ನುವ ಜಗಳ ಇನ್ನೂ ನಡೆಯುತ್ತಿದೆ.

ಇಷ್ಟಾದ ಮೇಲೆ ನಾನು ಅಂಗಡಿಗೆ ಹೋಗಿ ಕೂತೆ. ಜಗಳಕ್ಕಲ್ಲ, ಸ್ವಲ್ಪ ಜಗಳಕ್ಕೂ ಹೌದು. ಹೋಗುವ ಮೊದಲು ಕಾನೂನು ಏನು ಹೇಳುತ್ತದೆ ಅಂತ ಓದಿಕೊಂಡು ಹೋದೆ. ಖಾಸಗಿತನ ನಮ್ಮ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಂದೇ ದನಿಯಲ್ಲಿ ಹೇಳಿದರಲ್ಲ, ಆ ಕೇಸ್ ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅದಾಗಿ ಆರು ವರ್ಷಕ್ಕೆ, 2023ರಲ್ಲಿ, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ನಿಯಮಗಳು ಬಂದಿದ್ದು 2025ರ ನವೆಂಬರಿನಲ್ಲಿ. ಅದರಲ್ಲೂ ನಮಗೆ ಬೇಕಾದ ಮುಖ್ಯ ಭಾಗಗಳು ಜಾರಿಯಾಗಲು ಅಲ್ಲಿಂದ ಹದಿನೆಂಟು ತಿಂಗಳು ಸಮಯ ಕೊಟ್ಟಿದ್ದಾರೆ. ನಿಧಾನ ಅಂದರೆ ನಿಧಾನ.

ಕಾಯ್ದೆಯಲ್ಲಿ ಇರುವುದು ಚೆನ್ನಾಗಿದೆ. ನಿಮ್ಮ ವಿವರ ಯಾಕೆ ತೆಗೆದುಕೊಳ್ಳುತ್ತಿದ್ದೇವೆ ಅಂತ ಮೊದಲೇ ಹೇಳಬೇಕು, ಒಪ್ಪಿಗೆ ಕೇಳಬೇಕು. ಕೊಟ್ಟ ಒಪ್ಪಿಗೆಯನ್ನು ವಾಪಸ್ ತೆಗೆದುಕೊಳ್ಳಬಹುದು. ತಪ್ಪಿದ್ದರೆ ತಿದ್ದಿಸಬಹುದು, ಕೆಲಸ ಮುಗಿದ ಮೇಲೆ ಅಳಿಸಿ ಅನ್ನಬಹುದು. ನಾವು ಸತ್ತ ಮೇಲೆ ಈ ಹಕ್ಕು ಯಾರು ನೋಡಿಕೊಳ್ಳಬೇಕು ಅಂತ ನಾಮಿನಿ ಹೆಸರಿಸಬಹುದು, ಇದು ನನಗೆ ಹೊಸದು. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲೋ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲೋ ಓದುವ ಅವಕಾಶ ಕೊಡಬೇಕು. ಕನ್ನಡ ಅದರಲ್ಲಿದೆ. ಕೊಡವ ತಕ್ಕ್ ಇಲ್ಲ, ತುಳು ಇಲ್ಲ, ಅರೆಭಾಷೆ ಇಲ್ಲ. ಈ ಅಂಗಡಿಯ ಸಾಲಿನಲ್ಲಿ ನಿಂತವರಲ್ಲಿ ಅರ್ಧ ಜನ ಮನೆಯಲ್ಲಿ ಮಾತಾಡುವುದು ಇವನ್ನೇ. ಹಾಗಾಗಿ ಅತ್ತೆಗೆ ಹಕ್ಕು ಅನ್ನುವುದು ತಲುಪಬೇಕಾದರೆ ಕೊನೆಗೂ ಕೌಂಟರಿನಲ್ಲಿ ಒಬ್ಬರು ಬಾಯಿಬಿಟ್ಟು ಹೇಳಲೇಬೇಕು.

ಒಂದು ತಮಾಷೆ. ಈ ಕಾಯ್ದೆ ಅನ್ವಯಿಸುವುದು ಡಿಜಿಟಲ್ ರೂಪದಲ್ಲಿ ಇರುವ ವಿವರಕ್ಕೆ, ಇಲ್ಲವೇ ಕಾಗದದಲ್ಲಿದ್ದು ಆಮೇಲೆ ಡಿಜಿಟಲ್ ಆದದ್ದಕ್ಕೆ. ಅಂದರೆ ಗಣಪತಿ ಚಿತ್ರದ ಆ ಲಾಂಗ್ ನೋಟ್‌ಬುಕ್ ಇದರೊಳಗೆ ಬರುವುದೇ ಇಲ್ಲ. ಅವನು ಯಾವತ್ತಾದರೂ ಅದರ ಪುಟದ ಫೋಟೊ ತೆಗೆದು ಹೆಂಡತಿಗೆ ವಾಟ್ಸಾಪ್ ಮಾಡಿದರೆ ಆ ಫೋಟೊ ಬರುತ್ತದೆ. ಮಾಡಿಯೂ ಇದ್ದಾನೆ, ಕೇಳಿದೆ.

ಸರಿ, ಕೂತೆ. “ಇದೆಲ್ಲ ಯಾಕೆ ಇಟ್ಟುಕೊಂಡಿದ್ದೀಯ? ಕೆಲಸ ಆದ ಮೇಲೆ ಅಳಿಸಬಾರದಾ?” ಅಂದೆ.

“ಅಕ್ಕ, ಅಳಿಸಿದರೆ ಮುಂದಿನ ತಿಂಗಳು ನೀವೇ ಬಂದು ಬೈತೀರಿ.”

“ನಾನ್ಯಾಕೆ ಬೈಲಿ?”

ಅವನು ಉತ್ತರ ಕೊಡುವ ಮೊದಲೇ ಬಾಗಿಲಲ್ಲಿ ಕೊಡೆ ಮಡಚುತ್ತಾ ಒಬ್ಬರು ದೊಡ್ಡ ಮನುಷ್ಯರು ಒಳಗೆ ಬಂದರು. ಕೈಯಲ್ಲಿ ಏನೂ ಇಲ್ಲ. “ಮಗಾ, ಬೆಳೆ ವಿಮೆ ಕಟ್ಟಬೇಕು. ನನ್ನ ಆಧಾರ್, ಪಾಸ್‌ಬುಕ್ಕು, ಆರ್‌ಟಿಸಿ ಎಲ್ಲ ನಿನ್ನತ್ರ ಉಂಟಲ್ಲ” ಅಂದರು. ಹುಡುಗ ನನ್ನ ಮುಖ ನೋಡಿದ. ನಾನು ಬಾಯಿ ಮುಚ್ಚಿಕೊಂಡೆ.

ಅವನ ಹೆಂಡತಿ ಇನ್ನೊಂದು ಹೇಳಿದಳು. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿ ಮನೆ ಕಳೆದುಕೊಂಡವರಲ್ಲಿ ಅವಳ ತವರಿನ ಕಡೆಯವರೂ ಇದ್ದರು. ಉಟ್ಟ ಬಟ್ಟೆಯಲ್ಲಿ ಹೊರಗೆ ಬಂದವರು. ಪರಿಹಾರಕ್ಕೆ ಅರ್ಜಿ ಹಾಕಲು ಒಂದು ಕಾಗದ ಇಲ್ಲ. ಅವರೂರಿನ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಹಳೆಯ ಸ್ಕ್ಯಾನ್ ಉಳಿದಿದ್ದರಿಂದ ನಂಬರ್ ಗೊತ್ತಾಗಿ ಕೆಲಸ ಬೇಗ ಆಯಿತಂತೆ. “ಹಾಗಾಗಿ ನಂಗೆ ಡಿಲೀಟ್ ಮಾಡೋಕೆ ಕೈ ಬರಲ್ಲ ಅಕ್ಕ.” ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಗದಗಳನ್ನು ಫೋನಿನಲ್ಲೇ ಇಟ್ಟುಕೊಳ್ಳುವ ಸರ್ಕಾರದ ಡಿಜಿಲಾಕರ್ ಇದೆ ಅಂದೆ. ಅದು ಇದೆ, ನಿಜ. 2015ರಿಂದ ಇದೆ, ಇಲಾಖೆಗಳೇ ಅದರೊಳಗೆ ಕೊಟ್ಟ ಕಾಗದಕ್ಕೆ ಅಸಲಿನಷ್ಟೇ ಬೆಲೆ. ಆದರೆ ಅದು ತೆರೆಯಲು ಆಧಾರಿಗೆ ಜೋಡಿಸಿದ ಮೊಬೈಲ್ ಬೇಕು, ಒಟಿಪಿ ಬೇಕು. ಅತ್ತೆಯ ಆಧಾರಿಗೆ ಇರುವುದು ನನ್ನ ನಂಬರ್. ಮಾವನವರದ್ದಕ್ಕೂ ನನ್ನದೇ ಇತ್ತು, ಚಿಕ್ಕತ್ತೆಗೂ ನನ್ನದೇ, ಮನೆಯ ಕೆಲಸಕ್ಕೆ ಬರುವ ಅಕ್ಕನಿಗೂ ನನ್ನದೇ. ಯಾರದೋ ಒಟಿಪಿ ಯಾವಾಗಲೋ ಬರುತ್ತದೆ, ಅಂಗಡಿಯಿಂದ ಫೋನ್ ಬರುತ್ತದೆ, ನಾನು ಯಾರದು ಯಾಕೆ ಅಂತ ಕೇಳದೆ ಆರು ಅಂಕಿ ಓದಿ ಹೇಳುತ್ತೇನೆ. ನನ್ನದೂ ಸೇರಿ ಐದು ಜನರ ಮನೆಯ ಕೀ ನನ್ನ ಸೊಂಟದಲ್ಲಿ. ಈ ವಿಷಯಕ್ಕೆ ಅಂಗಡಿಗೆ ಸ್ಟಾರ್ ಕಡಿಮೆ ಮಾಡುವುದಾದರೆ ನನಗೂ ಮಾಡಬೇಕಾಗುತ್ತದೆ.

ಕಾಯ್ದೆಯಲ್ಲಿ ನಮಗೂ ಕರ್ತವ್ಯ ಬರೆದಿದ್ದಾರೆ ಅನ್ನುವುದನ್ನು ಜಾಸ್ತಿ ಜನ ಹೇಳುವುದಿಲ್ಲ. ಬೇರೆಯವರ ಹೆಸರಿನಲ್ಲಿ ನಟಿಸಬಾರದು, ಸುಳ್ಳು ದೂರು ಕೊಡಬಾರದು, ಸರ್ಕಾರದ ಗುರುತು ಪತ್ರಕ್ಕೆ ವಿವರ ಕೊಡುವಾಗ ಮುಖ್ಯವಾದದ್ದನ್ನು ಮುಚ್ಚಿಡಬಾರದು. ತಪ್ಪಿದರೆ 10,000 ರೂಪಾಯಿವರೆಗೆ ದಂಡ. ದೊಡ್ಡ ಕಂಪನಿಗಳು ದತ್ತಾಂಶವನ್ನು ಸರಿಯಾಗಿ ಕಾಪಾಡದೆ ಸೋರಿಸಿದರೆ 250 ಕೋಟಿವರೆಗೆ. ಇದರ ನಡುವೆ ಎಲ್ಲೋ ಒಂದು ಕಡೆ ನಮ್ಮ ಅಂಗಡಿಯ ಹುಡುಗ ಇದ್ದಾನೆ, ಅವನಿಗೆ ಎಷ್ಟು ಅಂತ ಕೇಳಿ ಹೆದರಿಸಿದೆ, ಪಾಪ.

ನಾವಿಬ್ಬರೂ ಸೇರಿ ಒಂದಿಷ್ಟು ಒಪ್ಪಂದಕ್ಕೆ ಬಂದೆವು. ಎರಡು ತಿಂಗಳಾದ ಮೇಲೆ ನೋಡಿ ಬರೆಯುತ್ತಿದ್ದೇನೆ, ಬಹಳಷ್ಟು ಉಳಿದುಕೊಂಡಿದೆ.

ವಾಟ್ಸಾಪಿನಲ್ಲಿ ಸಂದೇಶ ಇಪ್ಪತ್ನಾಲ್ಕು ಗಂಟೆಗೆ ತಾನಾಗಿ ಮಾಯವಾಗುವ ಸೆಟ್ಟಿಂಗ್ ಹಾಕಿದ್ದಾನೆ. ಗಾಜಿನ ಮೇಲೆ ಕೈಬರಹದ ಚೀಟಿ: ‘ನಮ್ಮ ನಂಬರಿನಿಂದ ಯಾವ ಫೈಲ್ ಬಂದರೂ ಫೋನ್ ಮಾಡಿ ಕೇಳಿ ತೆರೆಯಿರಿ’. ಕಂಪ್ಯೂಟರಿನ ಫೈಲನ್ನು ಸಂಜೆ ಅಂಗಡಿ ಮುಚ್ಚುವಾಗ ಅಳಿಸುತ್ತಾರೆ, ರೀಸೈಕಲ್ ಬಿನ್ ಕೂಡ. ಮೊದಲ ವಾರ ರೀಸೈಕಲ್ ಬಿನ್ ಮರೆತಿದ್ದರು, ನಾನೇ ತೆರೆದು ತೋರಿಸಿದೆ. ಇಟ್ಟುಕೊಳ್ಳಿ ಅಂತ ಕೇಳುವವರ ಕಾಗದವನ್ನು ಮಾತ್ರ ಬೇರೆ ಪಾಸ್‌ವರ್ಡ್ ಹಾಕಿದ ಪೆನ್‌ಡ್ರೈವಿನಲ್ಲಿ ಇಡುತ್ತಾರೆ, ಅದು ಗಲ್ಲಾಪೆಟ್ಟಿಗೆಯಲ್ಲಿ. ಇಮೇಲ್ ಮಾಡಿಕೊಟ್ಟರೆ ಪಾಸ್‌ವರ್ಡ್ ಚೀಟಿಯಲ್ಲಿ ಬರೆದು ಗಿರಾಕಿಯ ಕೈಗೆ ಕೊಡುತ್ತಾರೆ, ಮನೆಗೆ ಹೋಗಿ ಮಗನೋ ಮಗಳೋ ಬದಲಾಯಿಸಿ ಅಂತ ಹೇಳುತ್ತಾರೆ. ಹಳೆಯ ನೋಟ್‌ಬುಕ್ ಏನಾಯಿತು ಅಂತ ಕೇಳಿದರೆ ಅವನು ನಗುತ್ತಾನೆ. ಇದೆ ಅಂತ ಅರ್ಥ. ಅದಕ್ಕೇ ಎರಡು ಸ್ಟಾರ್, ಮೂರು ಕೊಡಲಿಲ್ಲ.

ಮಾಸ್ಕ್ ಮಾಡಿದ ಆಧಾರ್ ಪ್ರಿಂಟ್ ಈಗ ಅವನೇ ಕೇಳುತ್ತಾನೆ. ಮೊದಲ ಎಂಟು ಅಂಕಿ ಮುಚ್ಚಿ ಕೊನೆಯ ನಾಲ್ಕು ಮಾತ್ರ ಕಾಣುವಂಥದ್ದು, ಆಧಾರ್ ವೆಬ್‌ಸೈಟಿನಲ್ಲೇ ಸಿಗುತ್ತದೆ. ಹೋಂಸ್ಟೇಗೂ ಲಾಡ್ಜಿಗೂ ಅದು ಸಾಕು. 2022ರ ಮೇ ತಿಂಗಳಲ್ಲಿ ಆಧಾರ್ ಕೊಡುವ ಸಂಸ್ಥೆ ಯುಐಡಿಎಐನ ಬೆಂಗಳೂರು ಕಚೇರಿ ಒಂದು ಪ್ರಕಟಣೆ ಹೊರಡಿಸಿತ್ತು, ಆಧಾರ್ ಜೆರಾಕ್ಸ್ ಸಿಕ್ಕಸಿಕ್ಕವರಿಗೆ ಕೊಡಬೇಡಿ, ಸೈಬರ್ ಕೆಫೆಯ ಕಂಪ್ಯೂಟರಿನಲ್ಲಿ ಇಳಿಸಿಕೊಂಡರೆ ಅಳಿಸಿ ಬನ್ನಿ ಅಂತ. ಜನ ಗಾಬರಿಯಾದರು ಅಂತ ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಅದನ್ನು ವಾಪಸ್ ತೆಗೆದುಕೊಂಡಿತು. ಗಾಬರಿಯಾಗಿದ್ದರೇ ಒಳ್ಳೆಯದಿತ್ತು ಅನ್ನಿಸುತ್ತದೆ ನನಗೆ.

ಅತ್ತೆಯ ಬೆರಳಚ್ಚು ಲಾಕ್ ಮಾಡಿಸಿದೆ. ಅದೂ ಇಲ್ಲೇ, ಹತ್ತು ನಿಮಿಷದಲ್ಲಿ. ಲಾಕ್ ಆದ ಮೇಲೆ ಅವರ ಬೆರಳಿನಿಂದ ಯಾರೂ ಹಣ ತೆಗೆಯಲು ಆಗುವುದಿಲ್ಲ. ಆದರೆ ಅವರೇ ತೆಗೆಯಲೂ ಆಗುವುದಿಲ್ಲ, ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಗೆ ಬೆರಳು ಒತ್ತಿದರೂ ನಡೆಯುವುದಿಲ್ಲ. ಪ್ರತಿ ತಿಂಗಳು ಅಕ್ಕಿ ತರುವ ದಿನ ಸ್ವಲ್ಪ ಹೊತ್ತು ತೆರೆಯಬೇಕು, ಅದರ ಒಟಿಪಿ ನನ್ನ ಫೋನಿಗೆ, ನಾನು ಗೇಟಿಗೆ. ಮೊದಲ ತಿಂಗಳು ಮರೆತು ಅತ್ತೆ ಬರಿಗೈಯಲ್ಲಿ ವಾಪಸ್ ಬಂದರು. ಮೂರು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಇಷ್ಟು ಕಷ್ಟ ಬೇಡ ಅನ್ನುವವರು ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಅನ್ನುವ ಆರು ತಿಂಗಳ ಪಟ್ಟಿಯನ್ನಾದರೂ ಆಗಾಗ ನೋಡಬಹುದು. ಅದೇ ವೆಬ್‌ಸೈಟಿನಲ್ಲಿ ಇದೆ.

ಸಂಚಾರ ಸಾಥಿಯನ್ನೂ ಅವತ್ತೇ ನೋಡಿದೆವು. ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ತೋರಿಸುವ ಸರ್ಕಾರದ ತಾಣ, 2023ರಿಂದ ಇದೆ. ಒಬ್ಬರ ಹೆಸರಿನಲ್ಲಿ ಒಂಬತ್ತರವರೆಗೆ ಇರಬಹುದು. ಮೈದುನನ ಹೆಸರಿನಲ್ಲಿ ನಾಲ್ಕು ಬಂತು. ಮೂರು ಅವನದ್ದು, ನಾಲ್ಕನೆಯದು ಯಾರದು ಅಂತ ಎಲ್ಲರೂ ಗಾಬರಿಯಾಗಿ ತಲೆ ಕೆರೆದುಕೊಂಡೆವು. ‘ಇದು ನನ್ನ ನಂಬರ್ ಅಲ್ಲ’ ಅಂತ ಒತ್ತುವ ಮೊದಲು ಆ ನಂಬರಿಗೆ ಒಂದು ಫೋನ್ ಮಾಡೋಣ ಅಂತ ಮಾಡಿದರೆ, ತೋಟದ ಲೈನ್ ಮನೆಯಲ್ಲಿ ರಿಂಗ್ ಆಯಿತು. ಐದು ವರ್ಷದ ಹಿಂದೆ ಕೆಲಸಕ್ಕೆ ಬಂದ ಹುಡುಗನಿಗೆ ಇವನೇ ತನ್ನ ಆಧಾರ್ ಕೊಟ್ಟು ತೆಗೆಸಿಕೊಟ್ಟ ಸಿಮ್ಮು. ಆ ಹುಡುಗ ಒಳ್ಳೆಯವನು, ಏನೂ ಆಗಿಲ್ಲ. ಆದರೆ ಆಗಿದ್ದರೆ ಪೊಲೀಸರು ಬರುತ್ತಿದ್ದುದು ನಮ್ಮ ಮನೆಗೆ. ಈಗ ಅವನ ಹೆಸರಿಗೇ ಬೇರೆ ಸಿಮ್ ಆಗಿದೆ.

ಹೋಗುವವರಿಗೆ ಎರಡು ಮಾತು. ಬೆಳಗ್ಗೆ ಹತ್ತೂವರೆಯೊಳಗೆ ಹೋಗಿ, ಸಂತೆಯ ದಿನ ಹೋಗಲೇಬೇಡಿ. ಚಾರ್ಜರಿನ ಕೇಬಲ್ ತೆಗೆದುಕೊಂಡು ಹೋದರೆ ವಾಟ್ಸಾಪ್ ಇಲ್ಲದೆ ಫೋನಿನಿಂದ ನೇರ ಪ್ರಿಂಟ್ ಹೊಡೆಸಬಹುದು, ಅವನು ಈಗ ಗೊಣಗುವುದಿಲ್ಲ. ಬೆರಳು ಒತ್ತುವ ಮೊದಲು ‘ಇದು ಯಾವುದಕ್ಕೆ?’ ಅಂತ ಕೇಳಿ, ಹಣ ತೆಗೆದರೆ ಚೀಟಿ ಕೇಳಿ. ಕೇಳಿದರೆ ಕೊಡುತ್ತಾನೆ, ಕೇಳದಿದ್ದರೆ ಕೊಡುವುದಿಲ್ಲ. ದರದ ಬೋರ್ಡ್ ಈಗಲೂ ಇಲ್ಲ.

ಇನ್ನು ಕೆಟ್ಟುಹೋದ ಪ್ರಿಂಟುಗಳ ವಿಷಯ. ಇಂಕು ಮಸುಕಾದದ್ದು, ಓರೆಯಾದದ್ದು, ಒಂದು ಬದಿ ಮಾತ್ರ ಬಂದದ್ದು, ಎಲ್ಲ ಮೇಜಿನ ಕೆಳಗಿನ ರಟ್ಟಿನ ಪೆಟ್ಟಿಗೆಗೆ ಬೀಳುತ್ತವೆ. ಪೆಟ್ಟಿಗೆ ತುಂಬಿದಾಗ ಪಕ್ಕದ ಕ್ಯಾಂಟೀನಿನವರು ಒಯ್ಯುತ್ತಿದ್ದರು. ಯಾರದೋ ಜನ್ಮದಿನಾಂಕದ ಮೇಲೆ ಮೆಣಸಿನಕಾಯಿ ಬಜ್ಜಿ ಇಟ್ಟು ತಿಂದವಳು ನಾನೂ. ಈ ಅಭ್ಯಾಸ ಪೂರ್ತಿ ನಿಂತಿಲ್ಲ, ಹರಿದು ಹಾಕುವ ಮಷಿನ್ ತರುತ್ತೇನೆ ಅಂದಿದ್ದಾನೆ, ನೋಡೋಣ.

ಕಳೆದ ವಾರ ಅತ್ತೆಯ ಆಧಾರ್ ಒಂದು ಪ್ರಿಂಟ್ ಕೆಟ್ಟಿತು. ಹುಡುಗ ಎಂದಿನಂತೆ ಪೆಟ್ಟಿಗೆಗೆ ಹಾಕಲು ಕೈ ಬಾಗಿಸಿದ. ಅತ್ತೆ ಕೌಂಟರಿನ ಮೇಲಿಂದ ಕೈ ಚಾಚಿ, “ಅದನ್ನು ಇಲ್ಲಿ ಕೊಡು ಮಗಾ” ಅಂದರು. ಕೊಟ್ಟ. ನಾಲ್ಕಾಗಿ ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡರು. ನನಗೆ ಖುಷಿಯಾಯಿತು, ಎರಡು ತಿಂಗಳು ಹೇಳಿದ್ದು ತಲೆಗೆ ಹೋಯಿತು ಅಂತ. ಜೀಪಿನಲ್ಲಿ ಕೂತ ಮೇಲೆ ಹೇಳಿದರು, “ಈ ಮಳೆಗೆ ಬಚ್ಚಲೊಲೆ ಹಚ್ಚೋಕೆ ಒಣ ಕಾಗದವೇ ಸಿಗ್ತಾ ಇಲ್ಲ.”